ಗೃಹಸ್ಥನ ಕೈಪಿಡಿ: ಮಂದ್ರವಾದ್ಯಕ್ಕೆ ತಕ್ಕ ಧ್ವನಿವರ್ಧಕ

ಜಯನಗರದ ವಾಚಕರೊಬ್ಬರು ಹೀಗೆ ಕೇಳಿದ್ದಾರೆ: “ನನ್ನ ಮಗಳು ಬೇಸ್ ಗಿಟಾರ್ ಕಲಿಯುತ್ತಿದ್ದಾಳೆ. ಅದಕ್ಕೊಂದು ಆಂಪ್ಲಿಫೈಯರ್ ಬೇಕಂತೆ. ಮಗನ ಗಿಟಾರಿನದು ಮನೆಯಲ್ಲಿ ಇದ್ದೇ ಇದೆ, ಅದು ಸಾಲದೆ?” ಪ್ರಶ್ನೆಯು ಸಣ್ಣದಾಗಿ ಕಂಡರೂ ಇದರಲ್ಲಿ ಹಣದ ಮಾತಲ್ಲದೆ ಪ್ರಾಣದ ಮಾತೂ ಅಡಗಿರುವುದರಿಂದ, ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಡುವೆನು.

ಸಾಲದು ಎಂಬುದೇ ಉತ್ತರ. ಸಾಧಾರಣ ಗಿಟಾರಿನ ಅತಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸ್ ಗಿಟಾರಿನದು ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಕಂಪನವು ಅರ್ಧಕ್ಕೆ ಇಳಿದಾಗ ಅಷ್ಟೇ ಬಲದ ನಾದವನ್ನು ಹೊರಡಿಸಬೇಕಾದರೆ ಸ್ಪೀಕರಿನ ಕಾಗದದ ಶಂಕುವು ನಾಲ್ಕು ಪಟ್ಟು ಹೆಚ್ಚಾಗಿ ಹಿಂದಕ್ಕೂ ಮುಂದಕ್ಕೂ ಸರಿಯಬೇಕು. ಮೃದಂಗದ ಎಡಮುಖವನ್ನು ಹಿರಿದಾಗಿ ಕಟ್ಟಿ, ರವೆಯ ಕಣಕವನ್ನು ಮೆತ್ತಿ ಮಂದ್ರವನ್ನು ಪಡೆಯುವ ನಮಗೆ ಇದು ಹೊಸ ತತ್ತ್ವವೇನೂ ಅಲ್ಲ. ಗಿಟಾರಿನ ಸ್ಪೀಕರು ಅಷ್ಟು ದೂರ ಸರಿಯಲಾರದು, ಬಲವಂತಪಡಿಸಿದರೆ ಹರಿದುಹೋದೀತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರನು ತನ್ನ ಬೇಸ್ ಗಿಟಾರನ್ನು ಮಾರಾಟಕ್ಕೆ ತಂದು, ಮರುವರ್ಷವೇ ಅದಕ್ಕೆಂದು ಬೇರೆ ಆಂಪ್ಲಿಫೈಯರನ್ನೂ ಹೊರತರಬೇಕಾಯಿತು.

ಇನ್ನು ಆಯ್ಕೆಯ ವಿಚಾರ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಅಭ್ಯಾಸಕ್ಕೆ 20ರಿಂದ 40 ವ್ಯಾಟಿನ, 8 ಅಥವಾ 10 ಅಂಗುಲದ ಸ್ಪೀಕರುಳ್ಳ ಪೆಟ್ಟಿಗೆಯೊಂದು ಧಾರಾಳವಾಗಿ ಸಾಕು. ಡ್ರಮ್ಮು ಬಾರಿಸುವವರ ಜತೆಗೂಡಿ ನುಡಿಸುವ ಕಾಲ ಬಂದಾಗ 200 ವ್ಯಾಟು ಅಥವಾ ಅದಕ್ಕೂ ಮೇಲ್ಪಟ್ಟದ್ದನ್ನು, 10 ಅಂಗುಲದ ಎರಡು ಇಲ್ಲವೆ 15 ಅಂಗುಲದ ಒಂದು ಸ್ಪೀಕರಿನೊಡನೆ ಕೊಳ್ಳಬಹುದು. ವ್ಯಾಟು ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುವುದೆಂದು ಭ್ರಮಿಸಬಾರದು. ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಅಲ್ಪವೇ. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಯಂತ್ರವಾದರೆ ಹಿಂಬದಿಯನ್ನು ಓದಿ ನೋಡಿರಿ. ಅಲ್ಲಿನದು 120 ವೋಲ್ಟು, ನಮ್ಮದು 230. ಅದು 120 ವೋಲ್ಟಿನ ಯಂತ್ರವೇ ಆಗಿದ್ದರೆ, ತಕ್ಕ ಟ್ರಾನ್ಸ್‌ಫಾರ್ಮರಿಲ್ಲದೆ ಪ್ಲಗ್ಗು ಚುಚ್ಚಿದ ಕ್ಷಣವೇ ಕೆಟ್ಟೀತು.

ಹಳೆಯದನ್ನು ಕೊಳ್ಳುವವರು ದಪ್ಪ ತಂತಿಯನ್ನು ಮೀಟಿಸಿ, ಧ್ವನಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ, ಗಡಗಡ ಸದ್ದು ಬರುವುದೇ ಎಂದು ಕಿವಿಗೊಡಬೇಕು. ಯಂತ್ರವನ್ನು ನಿಲ್ಲಿಸಿದ ಮೇಲೆ ಶಂಕುವನ್ನು ಎರಡು ಕೈಗಳ ಬೆರಳುಗಳಿಂದ ಸಮನಾಗಿ ಹಗುರವಾಗಿ ಒತ್ತಿದಾಗ ಕೆರೆದಂತಾದರೆ ಒಳಗಿನ ಸುರುಳಿ ಸುಟ್ಟಿದೆಯೆಂದೋ ಸ್ಥಾನ ತಪ್ಪಿದೆಯೆಂದೋ ತಿಳಿಯತಕ್ಕದ್ದು.

ಎರಡು ಪೆಟ್ಟಿಗೆಗಳನ್ನು ಜೋಡಿಸುವವರು ‘ಓಮ್’ ಎಂಬ ಅಂಕಿಯನ್ನು ಗಮನಿಸಬೇಕು. ಮಾಳಿಗೆಯ ತೊಟ್ಟಿಗೆ ಒಂದು ನಲ್ಲಿಯ ಬದಲು ಎರಡನ್ನು ತೆರೆದರೆ ನೀರು ಹೆಚ್ಚು ಹರಿಯುವಂತೆ, 8 ಓಮಿನ ಎರಡು ಪೆಟ್ಟಿಗೆಗಳು ಸಮಾಂತರವಾಗಿ ಸೇರಿದರೆ 4 ಓಮಾಗಿ ವಿದ್ಯುತ್ತು ಹೆಚ್ಚಾಗಿ ಹರಿಯುತ್ತದೆ. ಆಂಪ್ಲಿಫೈಯರಿನ ಹಿಂದೆ ಮುದ್ರಿಸಿರುವ ಕನಿಷ್ಠ ಓಮಿಗಿಂತ ಕೆಳಗಿಳಿದರೆ ಯಂತ್ರವು ಕಾದು ಕೆಡುವುದು. ವಾಲ್ವಿನ ಆಂಪ್ಲಿಫೈಯರನ್ನಂತೂ ಸ್ಪೀಕರು ಜೋಡಿಸದೆ ಎಂದಿಗೂ ನಡೆಸಕೂಡದು.

ಈಗ ಪ್ರಾಣದ ಮಾತು. ಕೆಲವು ವರ್ಷಗಳ ಹಿಂದೆ ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಮನೆಯೊಂದರಲ್ಲಿ ನನ್ನ ಸೋದರಳಿಯನು, ಸ್ಪೀಕರಿನಿಂದ ಗುಂಯ್‌ಗುಡುವ ಸದ್ದು ಬರುವುದೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕಿತ್ತುಹಾಕಿದನು. ಸದ್ದೇನೋ ನಿಂತಿತು. ಒಂದು ಮಳೆಯ ಸಂಜೆ ಬರಿಗಾಲಿನಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತು ತಂತಿಗೆ ಕೈಯಿಟ್ಟೊಡನೆ ಅವನು ಚೀರಿ ಹಿಂದಕ್ಕೆ ಬಿದ್ದನು. ದೈವಕೃಪೆಯಿಂದ ಬದುಕಿದನು, ಆದರೆ ಆ ಸಂಜೆ ನನ್ನ ತಂಗಿಯ ಮುಖವನ್ನು ಕಂಡ ನಾನು ಆ ಮೂರನೆಯ ಕಡ್ಡಿಯನ್ನು ಇಂದಿಗೂ ಮರೆತಿಲ್ಲ. ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ಪಟ್ಟಣದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕನು ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟನು.

ವಾದ್ಯದ ಲೋಹದ ತಂತಿಗಳು ಸಾಮಾನ್ಯವಾಗಿ ಆಂಪ್ಲಿಫೈಯರಿನ ಕವಚಕ್ಕೆ ಕೂಡಿಕೊಂಡಿರುತ್ತವೆ. ಒಳಗೆ ಎಲ್ಲಿಯೋ ದೋಷವುಂಟಾದರೆ ವಿದ್ಯುತ್ತು ಭೂಮಿಗೆ ಇಳಿಯಬೇಕಾದ ದಾರಿಯೇ ಆ ಮೂರನೆಯ ಕಡ್ಡಿ. ಅದಿಲ್ಲದಿದ್ದರೆ ನುಡಿಸುವವರ ದೇಹವೇ ದಾರಿಯಾಗುತ್ತದೆ. ಗುಂಯ್‌ಗುಡುವಿಕೆಗೆ ಬೇರೆ ಉಪಾಯವಿದೆ: ಎಲ್ಲ ಯಂತ್ರಗಳನ್ನೂ ಒಂದೇ ಬೋರ್ಡಿನಿಂದ ನಡೆಸಿರಿ, ಬಹಳ ಸಲ ಅದರಿಂದಲೇ ಸದ್ದು ಅಡಗುವುದು. ಬಾಡಿಗೆ ಮನೆಯವರು ಎಲೆಕ್ಟ್ರೀಷಿಯನ್ನನನ್ನು ಕರೆಸಿ ಅರ್ಥಿಂಗನ್ನು ಪರೀಕ್ಷಿಸಿಕೊಂಡು, ಸೋರುವ ವಿದ್ಯುತ್ತು 30 ಮಿಲಿಆಂಪಿಯರನ್ನು ಮೀರದಂತೆ ಕಡಿದುಹಾಕುವ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿಸುವುದು ಶ್ರೇಯಸ್ಕರ. ಈ ವೆಚ್ಚವನ್ನು ಆಂಪ್ಲಿಫೈಯರಿನ ಬೆಲೆಯಲ್ಲಿಯೇ ಸೇರಿಸಿ ಲೆಕ್ಕಹಾಕತಕ್ಕದ್ದು.

ಪಾಲನೆಯು ಸುಲಭ. ಧ್ವನಿಯ ತಿರುಪನ್ನು ಸೊನ್ನೆಗಿಳಿಸಿ ಆಮೇಲೆ ಸ್ವಿಚ್ಚು ಹಾಕಬೇಕು, ಆರಿಸುವಾಗಲೂ ಹಾಗೆಯೇ. ಪೆಟ್ಟಿಗೆಗೆ ಸ್ಪೀಕರಿನದೇ ದಪ್ಪ ವೈರು ಬೇಕು. ವಾದ್ಯದ ತೆಳು ವೈರು ಸಲ್ಲದು. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿಸದೆ ಇಟ್ಟು, ತೇವವನ್ನು ಹಿಡಿದಿಡುವ ಪ್ಲಾಸ್ಟಿಕ್ಕಿನ ಬದಲು ಹಳೆಯ ಪಂಚೆಯನ್ನು ಹೊದಿಸಿರಿ. ನುಡಿಸುವಾಗ ಮಾತ್ರ ಗಾಳಿಯ ಕಂಡಿಗಳನ್ನು ಮುಚ್ಚಬೇಡಿರಿ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ, ಮೋಡ ಕವಿಯುವಾಗಲೇ ಪ್ಲಗ್ಗನ್ನು ಕಿತ್ತಿಡಿರಿ.

ಕೊನೆಯದಾಗಿ ನೆರೆಹೊರೆ. ಮೂವತ್ತು-ನಲವತ್ತರ ನಿವೇಶನಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ; ಮಂದ್ರನಾದವು ಗೋಡೆಯನ್ನು ಲೆಕ್ಕಿಸದು. ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರೆ ಮೊರೆತ ಇನ್ನೂ ಹೆಚ್ಚುವುದು. ಆದ್ದರಿಂದ ಮೂಲೆಯಿಂದ ಈಚೆಗೆ, ದಪ್ಪ ರಬ್ಬರಿನ ಹಾಸಿನ ಮೇಲೆ ಇಡಿರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿಯಿದೆ. ಸಂಜೆ ಕವಿದ ಮೇಲೆ ಹೆಡ್‌ಫೋನು ಹಾಕಿಕೊಳ್ಳುವ ವಾಡಿಕೆ ಒಳ್ಳೆಯದು. ಕೊಳ್ಳುವಾಗಲೇ ಅದಕ್ಕೆ ತೂತಿರುವುದನ್ನು ನೋಡಿಕೊಳ್ಳಿರಿ.

ಜಯನಗರದ ಮಹನೀಯರು ಮಗಳ ಆಸೆಯನ್ನು ಅವಶ್ಯವಾಗಿ ನೆರವೇರಿಸಲಿ. ತಂಬೂರಿಯ ಮಂದ್ರವಿಲ್ಲದೆ ಕಚೇರಿಯು ಹೇಗೆ ನಿಲ್ಲದೋ ಹಾಗೆಯೇ ಈ ಮಂದ್ರವಿಲ್ಲದೆ ಇಂದಿನ ಮೇಳವು ನಿಲ್ಲದು. ಆದರೆ ಅಂಗಡಿಗೆ ಹೊರಡುವ ಮೊದಲು ಮನೆಯ ಗೋಡೆಯಲ್ಲಿರುವ ಪ್ಲಗ್ಗಿನ ಮೂರನೆಯ ತೂತನ್ನು ಪರೀಕ್ಷಿಸಿ ಹೊರಡಲಿ.