ಕಲ್ಲಿಗೂ ಒಂದು ವಿಳಾಸವಿರಲಿ

ಮಕ್ಕಳೇ, ನಿಮ್ಮ ಶಾಲೆಯ ವಿಜ್ಞಾನದ ಕಪಾಟನ್ನು ಒಮ್ಮೆ ತೆರೆದು ನೋಡಿ. ಕಲ್ಲುಗಳ ಪೆಟ್ಟಿಗೆ ಇದ್ದರೆ ಅದರಲ್ಲಿ ಒಂದು ಕರಿ ಕಲ್ಲು ಇದ್ದೇ ಇರುತ್ತದೆ. ‘ಬಸಾಲ್ಟ್, ಅಗ್ನಿಶಿಲೆ’ ಎಂಬ ಚೀಟಿಯನ್ನೂ ಅಂಟಿಸಿರುತ್ತಾರೆ. ಆದರೆ ಅದನ್ನು ಯಾವ ಊರಿನಿಂದ ತಂದರು? ಬಹಳ ಸಲ ಅದೊಂದೇ ಬರೆದಿರುವುದಿಲ್ಲ. ಇದು ಸಣ್ಣ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ.

ಏಕೆಂದು ತಿಳಿಯಲು ಖಾನಾಪುರ ತಾಲ್ಲೂಕಿನ ಗುಂಜಿಯಿಂದ ರೈಲು ಹತ್ತೋಣ. ಖಾನಾಪುರ, ಇದಲಹೊಂಡ, ದೇಸೂರು ದಾಟಿದರೆ ಬೆಳಗಾವಿ. ದೂರ ಹೆಚ್ಚಿಲ್ಲ, ಆದರೆ ಕಾಲದ ಲೆಕ್ಕದಲ್ಲಿ ಇದು ಭಾರೀ ಪ್ರಯಾಣ! ಗುಂಜಿ, ಲೋಂಡಾ ಕಡೆಯ ನೆಲದಡಿಯ ಶಿಲೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ದೇಸೂರು, ಬೆಳಗಾವಿಯ ಕರಿ ಕಲ್ಲಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ಅಂಥ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿಕೊಂಡಿದೆ. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ ಸೀಮೆ.

ಈ ಲಾವಾ ಒಂದೇ ಸಲ ಹರಿದದ್ದಲ್ಲ. ಪದರದ ಮೇಲೆ ಪದರ ಕೂತಿದೆ. ಕಣ್ಣಿಗೆ ಎಲ್ಲವೂ ಒಂದೇ ಕರಿ ಕಲ್ಲು. 1980ರ ದಶಕದಲ್ಲಿ ಭೂವಿಜ್ಞಾನಿಗಳು ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ಪದರ ಪದರದಿಂದ ಕಲ್ಲು ಆಯ್ದು, ಅವುಗಳಲ್ಲಿರುವ ಧಾತುಗಳನ್ನು ಅಳೆದರು. ಆಗ ಗುಂಪುಗಳು ಬೇರೆಬೇರೆಯಾಗಿ ಕಂಡವು. ಅವುಗಳಿಗೆ ಊರು, ಘಟ್ಟಗಳ ಹೆಸರನ್ನೇ ಇಟ್ಟರು: ಇಗತ್‌ಪುರಿ, ಖಂಡಾಲಾ, ಬುಶೆ, ಅಂಬೇನಳಿ, ಮಹಾಬಳೇಶ್ವರ, ಪನ್ಹಾಳ. ಪಟ್ಟಿಯ ತುತ್ತತುದಿಯಲ್ಲಿ ಯಾವ ಹೆಸರಿದೆ ಗೊತ್ತೆ? ದೇಸೂರು! ಪ್ರಪಂಚದ ಭೂವಿಜ್ಞಾನಿಗಳು ಓದುವ ಈ ಹೆಸರು ನಮ್ಮ ಮಕ್ಕಳಿಗೆ ಬರೀ ಒಂದು ರೈಲು ನಿಲ್ದಾಣ.

ಒಂದು ಅಳತೆ ಹೇಳುತ್ತೇನೆ. ಸ್ಟ್ರಾನ್ಷಿಯಂ ಎಂಬ ಧಾತುವಿನ ಪರಮಾಣುಗಳಲ್ಲಿ ಸ್ವಲ್ಪ ಭಾರದವು, ಸ್ವಲ್ಪ ಹಗುರದವು ಇವೆ. ಅಂಥ ಎರಡು ಬಗೆಗಳ ಅನುಪಾತ ಅಂಬೇನಳಿಯ ಕಲ್ಲಿನಲ್ಲಿ 0.704ರ ಸುಮಾರು. ಬುಶೆಯ ಕಲ್ಲಿನಲ್ಲಿ ಅದು 0.71ನ್ನೂ ದಾಟುತ್ತದೆ. ದೇಸೂರಿನದು ಇವೆರಡರ ನಡುವೆ. ದಶಮಾಂಶದ ಲೆಕ್ಕ ಯಾರಿಗೆ ಬೇಕು ಎಂದು ಗೊಣಗುವವರು ಇದನ್ನು ಗಮನಿಸಬೇಕು. ಹಾಲನ್ನು ಸಾರಿನ ಪಾತ್ರೆಯಲ್ಲಿ ಕಾಯಿಸಿದರೆ ಸಾರಿನ ವಾಸನೆ ಹತ್ತುವುದಿಲ್ಲವೆ? ಹಾಗೆಯೇ ಮೇಲೇರುವ ಶಿಲಾರಸ ದಾರಿಯಲ್ಲಿ ಹಳೆಯ ನೆಲವನ್ನು ಕರಗಿಸಿ ಬೆರೆಸಿಕೊಂಡರೆ ಈ ಅನುಪಾತ ಏರುತ್ತದೆ.

ಖಂಡವೊಂದು ಹಿಗ್ಗಿ ಸೀಳುವ ಕಡೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಐಸ್ ಕ್ಯಾಂಡಿಯನ್ನು ಹೀರಿ ನೋಡಿ. ಮೊದಲು ಸಿಹಿನೀರು ಬರುತ್ತದೆ, ಕೊನೆಗೆ ಉಳಿಯುವುದು ಸಪ್ಪೆ ಮಂಜು. ಭೂಮಿಯ ಒಳಗಿನ ಶಿಲೆಯೂ ಹೀಗೆಯೇ. ಸ್ವಲ್ಪ ಮಾತ್ರ ಕರಗಿದರೆ ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿರುವ ರಸ ಹೊರಡುತ್ತದೆ. ನೆಲ ಬಹಳ ತೆಳುವಾಗಿ ಹಿಗ್ಗಿದ ಕಡೆ ಹೆಚ್ಚು ಕರಗಿ ಸಾಮಾನ್ಯ ಬಸಾಲ್ಟ್ ಬರುತ್ತದೆ. ಪೂರ್ವ ಆಫ್ರಿಕದ ಸೀಳು ಕಣಿವೆಯಲ್ಲಿ ಇಥಿಯೋಪಿಯದ ಎರ್ಟಾ ಆಲೆ ಬಸಾಲ್ಟ್ ಉಗುಳುತ್ತದೆ. ಅದೇ ಕಣಿವೆಯ ದಕ್ಷಿಣಕ್ಕೆ, ಟಾಂಜಾನಿಯದ ಓಲ್ ದೊಯಿನ್ಯೊ ಲೆಂಗಾಯ್ ಉಗುಳುವುದು ಬಟ್ಟೆ ಒಗೆಯುವ ಸೋಡಾದಲ್ಲಿರುವ ಸೋಡಿಯಂ ಕಾರ್ಬೊನೇಟ್ ತುಂಬಿದ ಲಾವಾ! ಹರಿಯುವಾಗ ಕಪ್ಪಗಿದ್ದು ಕೆಲವೇ ದಿನಗಳಲ್ಲಿ ಬೆಳ್ಳಗಾಗುತ್ತದೆ.

ನಮ್ಮಲ್ಲೂ ಸೀಳಿನ ಗುರುತು ಉಂಟು. ಉಡುಪಿ ಜಿಲ್ಲೆಯ ಮಲ್ಪೆಯ ಬಳಿ ಸೇಂಟ್ ಮೇರಿಸ್ ದ್ವೀಪಗಳಿವೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವಾಗ ಹರಿದ ಲಾವಾ ಅಲ್ಲಿ ಕಂಬ ಕಂಬವಾಗಿ ನಿಂತಿದೆ. ಅದನ್ನು ಬಸಾಲ್ಟ್ ಎಂದು ಬರೆದವರು ಬಹಳ ಮಂದಿ. ನೋಡಲು ಹಾಗೇ ಇದೆ. ಆದರೆ ಬಸಾಲ್ಟ್‌ನಲ್ಲಿ ಸಿಲಿಕಾ ನೂರಕ್ಕೆ 50ರಷ್ಟಿದ್ದರೆ, ಈ ಕಂಬಗಳಲ್ಲಿ 70ರ ಹತ್ತಿರ. ಅದು ಬೇರೆಯೇ ಜಾತಿಯ ಶಿಲೆ. ಬಣ್ಣ ನೋಡಿ ಹೆಸರಿಟ್ಟರೆ ದೊಡ್ಡವರೂ ಎಡವುತ್ತಾರೆ.

‘ನಮ್ಮ ಶಾಲೆಯಲ್ಲಿ ಸ್ಟ್ರಾನ್ಷಿಯಂ ಅಳೆಯುವ ಯಂತ್ರ ಎಲ್ಲಿದೆ?’ ಎಂದು ನಿಮ್ಮ ಗುರುಗಳು ಕೇಳಬಹುದು. ನಿಜ, ಇಲ್ಲ. ಆದರೆ ಯಂತ್ರವಿದ್ದವರಿಗೂ ಮೊದಲು ಬೇಕಾಗುವುದು ವಿಳಾಸ. ಕಲ್ಲು ಎಷ್ಟು ವರ್ಷ ಕಳೆದರೂ ತನ್ನ ಧಾತುಗಳನ್ನು ಕಾಪಾಡಿಕೊಂಡು ಕೂತಿರುತ್ತದೆ. ಎಲ್ಲಿಂದ ತಂದದ್ದೆಂಬ ಮಾತು ಮಾತ್ರ ತಂದವರೊಡನೆ ಮರೆತುಹೋಗುತ್ತದೆ. ಗುಡ್ಡ ಒಡೆದು ಜಲ್ಲಿ ಮಾಡಿದ ಮೇಲೆ ಮತ್ತೆ ಹೋಗಿ ನೋಡುತ್ತೇವೆಂದರೆ ಆ ಪದರವೇ ಅಲ್ಲಿರುವುದಿಲ್ಲ.

ಆದ್ದರಿಂದ ಪೇಟೆಯಿಂದ ಕೊಂಡು ತಂದ ಪೆಟ್ಟಿಗೆಗಿಂತ ನಿಮ್ಮ ಊರಿನ ನಾಲ್ಕು ಕಲ್ಲು ಮೇಲು. ಗುಂಜಿಯ ಮಕ್ಕಳು ಒಂದನ್ನು, ದೇಸೂರಿನ ಮಕ್ಕಳು ಒಂದನ್ನು ಆಯ್ದು ಅದಲು ಬದಲು ಮಾಡಿಕೊಂಡರೆ ಎಷ್ಟು ಚೆನ್ನ! ಹೊಸ ಬಾವಿ ತೋಡಿದಾಗ ಮೇಲೆ ಹಾಕಿದ ಕಲ್ಲು ಒಳ್ಳೆಯದು. ಎಷ್ಟು ಆಳದ್ದೆಂದು ತೋಡಿದವರನ್ನೇ ಕೇಳಿ. ಚೀಟಿಯಲ್ಲಿ ಊರು, ಜಾಗ, ಆಳ, ತಂದ ದಿನ ಬರೆಯಿರಿ. ಕಲ್ಲಿನ ಗಣಿಗೂ ಹಳಿಗಳ ಮೇಲೂ ಹೋಗಬೇಡಿ. ಅಪಾಯವಂತೂ ಸರಿಯೇ, ಅಲ್ಲದೆ ಹಳಿಗಳಡಿಯ ಜಲ್ಲಿ ಬೇರೆಲ್ಲಿಂದಲೋ ಗಾಡಿಯಲ್ಲಿ ಬಂದದ್ದು. ಗುಂಜಿ ನಿಲ್ದಾಣದಲ್ಲಿ ಬಿದ್ದಿದ್ದರೂ ಅದು ಗುಂಜಿಯ ಕಲ್ಲಲ್ಲ.