ಗಡಿಕಲ್ಲಿಲ್ಲದ ಕೋರೆಗೆ ಹೊಣೆ ಯಾರು?

ಕೊಕ್ಕಡದಿಂದ ಹಿಡಿದು ಬಂಟ್ವಾಳ, ಮೂಡುಬಿದಿರೆಯವರೆಗೆ ನಮ್ಮ ಮನೆ, ಶಾಲೆ, ಗುಡಿ, ಇಗರ್ಜಿ, ಮಸೀದಿಗಳು ಎದ್ದಿರುವುದು ಕೆಂಪುಕಲ್ಲಿನಿಂದ. ಕಲ್ಲು ಲಾರಿಯೇರಿ ಹೋಗುತ್ತದೆ. ಹೊಂಡ ಮಾತ್ರ ಊರಿನ ಪಾಲಿಗೆ ಉಳಿಯುತ್ತದೆ. ಆಟಿಯ ಮಳೆಗೆ ಅದು ತುಂಬಿದರೆ ಕೆಂಪುನೀರಿನಲ್ಲಿ ಆಳ ಕಾಣಿಸದು. ಕೆರೆಗಾದರೆ ಮೆಟ್ಟಿಲುಂಟು. ಯಂತ್ರದಿಂದ ನೆಟ್ಟಗೆ ಕೊಯ್ದ ಕೋರೆಯ ಗೋಡೆಗೆ ಹಿಡಿತವೇ ಇಲ್ಲ. ಜಾರಿದವನು ಮೇಲೆ ಬರುವುದು ಹೇಗೆ?

ನಾನು ಮಾಸ್ತರಿಕೆಯಲ್ಲಿದ್ದಾಗ ಮಳೆಗೆ ರಜೆ ಕೊಡುವ ದಿನ ಮಕ್ಕಳಿಗೆ, “ಕೋರೆಯ ಹತ್ತಿರ ಹೋಗಬೇಡಿ” ಎಂದು ಹೇಳುವುದಿತ್ತು. ಒಮ್ಮೆ ಒಬ್ಬ ಹುಡುಗ ಎದ್ದು, “ಕೋರೆ ಎಲ್ಲಿಂದ ಶುರುವಾಗುತ್ತದೆ ಮಾಷ್ಟ್ರೇ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿ ಕಂಬವೂ ಇಲ್ಲ, ಬೇಲಿಯೂ ಇಲ್ಲ, ಒಂದು ಹಲಗೆಯೂ ಇಲ್ಲ. ಸೌತಡ್ಕದ ಗಣಪತಿ ಗೋಡೆ ಮಾಡಿಲ್ಲದೆ ಬಯಲಿನಲ್ಲಿ ಕುಳಿತಿರುವುದು ಭಕ್ತಿಯ ಮಾತು. ಕೋರೆ ಬಯಲಾಗಿ ಬಿದ್ದಿರುವುದು ಧಣಿಗಳ ಉಡಾಫೆಯ ಮಾತು.

ಕಾಯಿದೆ ಏನು ಹೇಳುತ್ತದೆ? ದೊಡ್ಡ ಖನಿಜಗಳ 2016ರ ನಿಯಮ ಬಹಳ ಕಟ್ಟುನಿಟ್ಟಾಗಿದೆ. ಗುತ್ತಿಗೆ ಜಾಗದ ಮೂಲೆಮೂಲೆಗೆ 1.30 ಮೀಟರಿನ ಕಾಂಕ್ರೀಟು ಕಂಬ, ಅದರಲ್ಲಿ 0.60 ಮೀಟರು ನೆಲದೊಳಗೆ. ಹಳದಿ ಬಣ್ಣ, ತುದಿಯ 10 ಸೆಂಟಿಮೀಟರು ಕೆಂಪು. ಪ್ರತಿಯೊಂದಕ್ಕೂ ಕೊರೆದ ನಂಬರು. ಆದರೆ ನಮ್ಮ ಕೆಂಪುಕಲ್ಲು ಉಪಖನಿಜ. ಅದು ರಾಜ್ಯದ 1994ರ ನಿಯಮಗಳಿಗೆ ಸೇರಿದ್ದು. ಇನ್ನು 2025ರವರೆಗೆ ಜಾರಿಯಲ್ಲಿದ್ದ 1952ರ ಗಣಿ ಕಾಯಿದೆಯ 3ನೇ ಕಲಮು ನೋಡಿರಿ. ಆಳ 6 ಮೀಟರು ಮೀರದ, ದಿನಕ್ಕೆ 50ಕ್ಕಿಂತ ಹೆಚ್ಚು ಆಳುಗಳಿಲ್ಲದ, ಸಿಡಿಮದ್ದು ಬಳಸದ ಬಯಲು ಕೆಂಪುಕಲ್ಲಿನ ಕೋರೆಗೆ ಆ ಕಾಯಿದೆಯ ಬಹುತೇಕ ಕಲಮುಗಳು ಅನ್ವಯಿಸುತ್ತಲೇ ಇರಲಿಲ್ಲ! ಆರು ಮೀಟರೆಂದರೆ ಸುಮಾರು 20 ಅಡಿ. ಮಗು ಮುಳುಗಲು ಅಷ್ಟು ಸಾಲದೇ? ಅಲ್ಲದೆ ಆರು ಮೀಟರು ದಾಟಿತೆಂದು ಅಳೆದು ಹೇಳುವವರು ಯಾರು?

ಗಡಿಕಲ್ಲು ಬರಿಯ ಕಲ್ಲಲ್ಲ. ಅದು ಹೊಣೆಯ ಸಾಕ್ಷಿ. ಅದಿಲ್ಲದಿದ್ದರೆ ಹೊಂಡ ಪಕ್ಕದವನ ಕುಮ್ಕಿಗೂ ಸರಕಾರದ ಗುಡ್ಡಕ್ಕೂ ಹಬ್ಬುತ್ತದೆ. ಅನಾಹುತವಾದ ದಿನ ಧಣಿ, “ಆ ಹೊಂಡ ನನ್ನದಲ್ಲ” ಎಂದು ಕೈತೊಳೆದುಕೊಳ್ಳುತ್ತಾನೆ. ಬಳ್ಳಾರಿ ಸೀಮೆಯಲ್ಲಿ ಆದದ್ದೇನು? ಗಡಿ ಮೀರಿ ಅಗೆದರೆಂಬ ಕೂಗೆದ್ದ ಮೇಲೆ ಸುಪ್ರೀಂ ಕೋರ್ಟು ಗುತ್ತಿಗೆಗಳ ಗಡಿಯನ್ನು ಹೊಸದಾಗಿ ಅಳೆಸಬೇಕಾಯಿತು; 2013ರಲ್ಲಿ 49 ಗುತ್ತಿಗೆಗಳು ರದ್ದಾದವು. ಅಷ್ಟರಲ್ಲಿ ಅದಿರು ಹಡಗೇರಿ ಹೋಗಿತ್ತು.

“ಬೇಲಿಗೆ ಖರ್ಚು” ಎನ್ನುವವರುಂಟು. ತೋಟದ ದನಕ್ಕೆ ಬೇಲಿ ಹಾಕುವ ನಾಡಿನಲ್ಲಿ ಮಕ್ಕಳಿಗೆ ಬೇಲಿ ದುಬಾರಿಯೇ? ಕೊಳವೆಬಾವಿಗೂ ತಂತಿಬೇಲಿ, ಮಾಲಿಕನ ವಿಳಾಸದ ಹಲಗೆ ಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. “ಗಲಾಟೆ ಮಾಡಿದರೆ ಕೋರೆ ಮುಚ್ಚಿ ಕೂಲಿ ಹೋದೀತು” ಎಂದು ಕೆಲಸಗಾರರು ಹೆದರುವುದೂ ಉಂಟು. ಅವರ ಅಂಜಿಕೆ ಸುಳ್ಳಲ್ಲ. 2025ರಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು ಸಿಗದಾದಾಗ ಒಲೆ ಆರಿದ್ದು ಕೂಲಿಕಾರರದೇ. ನಾವು ಕೋರೆ ಮುಚ್ಚಿರೆನ್ನುವುದಿಲ್ಲ, ಗುರುತಿಡಿ ಎನ್ನುತ್ತೇವೆ. ಗಡಿ ನೆಟ್ಟ ಕೋರೆಯನ್ನು ಅಕ್ರಮವೆಂದು ಏಕಾಏಕಿ ನಿಲ್ಲಿಸುವುದು ಅಷ್ಟು ಸುಲಭವಲ್ಲ. ಕೂಲಿಗೂ ಅದೇ ರಕ್ಷಣೆ.

ನಮ್ಮ ಬೇಡಿಕೆಗಳು ಇಷ್ಟೆ:

1. ಪ್ರತಿ ಕೋರೆಯ ಬಾಯಲ್ಲಿ ಗುತ್ತಿಗೆದಾರನ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಗುತ್ತಿಗೆ ಮುಗಿಯುವ ದಿನ, ಆಳ ಬರೆದ ಹಲಗೆ ಇರಲಿ. ಓದು ಬಾರದವನಿಗೂ ತಿಳಿಯುವ ಅಪಾಯದ ಚಿತ್ರವಿರಲಿ.

2. ಮೂಲೆಗಳಿಗೆ ನಂಬರಿನ ಕಂಬ, ಸುತ್ತ ಬೇಲಿ ಇರಲಿ.

3. ನಮ್ಮ ಮಳೆಗೆ ಬಣ್ಣ ನಿಲ್ಲದು, ಬಳ್ಳಿ ಹಬ್ಬಿ ಕಂಬವೇ ಕಾಣದಾಗುತ್ತದೆ. ಆದುದರಿಂದ ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಇಲಾಖೆ ಮತ್ತು ಪಂಚಾಯತು ಕೂಲಿಕಾರರ ಎದುರಿನಲ್ಲಿ ತಪಾಸಣೆ ಮಾಡಲಿ.

4. ಬಿಟ್ಟುಹೋದ ಹೊಂಡ ತುಂಬಿಸುವವರೆಗೆ ಗುತ್ತಿಗೆದಾರನ ಹೊಣೆ ಮುಗಿಯದಿರಲಿ.

ಮುಂದಿನ ಗ್ರಾಮಸಭೆಗೆ ಓದುಗರು ತಮ್ಮ ಊರಿನ ಹೊಂಡಗಳ ಪಟ್ಟಿ ಹಿಡಿದು ಬರಬೇಕು. ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೇವಲ ಮಾಸ್ತರರಲ್ಲ.