60 ರೂಪಾಯಿಗೆ ಹೋದ ಕಾವಲಿ

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಮತ್ತದೇ ಮಾತು. "ಎರಕದ ಕಾವಲಿನ ಈ ಕಾಲದಲ್ಲಿ ಯಾರ್ರೀ ಮೇಂಟೇನ್ ಮಾಡ್ತಾರೆ? ಭಾರ, ತುಕ್ಕು, ದೋಸೆ ಏಳಲ್ಲ. ನಾನ್‌ಸ್ಟಿಕ್ಕೇ ವಾಸಿ." ಕೇಳಿ ಮೈಯೆಲ್ಲ ಉರಿದುಹೋಯ್ತು. ಯಾಕಂದ್ರೆ ಆರು ವರ್ಷದ ಹಿಂದೆ ಇದನ್ನೇ ಹೇಳಿದವನು ನಾನು!

ಮೊದಲ ಸಂಬಳದಲ್ಲಿ ಅಮ್ಮನಿಗೆ ಅಂತ ಶಿಕಾರಿಪುರಕ್ಕೆ ಒಂದು ನಾನ್‌ಸ್ಟಿಕ್ ತವಾ ಒಯ್ದಿದ್ದೆ. ಅಮ್ಮ ಮದುವೆಯಾಗಿ ಬರುವಾಗ ಸೊರಬದ ತವರುಮನೆಯಿಂದ ತಂದಿದ್ದ ಕಾವಲಿಯನ್ನ ಗುಜರಿಯವನ ತಕ್ಕಡಿಗೆ ಹಾಕಿದವನೂ ನಾನೇ. ಮೂರು ಕೆಜಿ, 60 ರೂಪಾಯಿ. "ಅಟ್ಟದ ಮೇಲಾದ್ರೂ ಇರ್ಲಿ ಬಿಡೋ" ಅಂದಳು ಅಮ್ಮ. ನಾನು ಕೇಳಲಿಲ್ಲ. ಇಂಜಿನಿಯರ್ ಅಲ್ವೇ!

ಎರಡು ವರ್ಷದೊಳಗೆ ತವಾದ ಕರಿ ಪದರ ಎದ್ದು ದೋಸೆಗೆ ಅಂಟತೊಡಗಿತು. ಈಗ ಮನೇಲಿರೋದು ಮೂರನೇ ತವಾ.

ನಾನ್‌ಸ್ಟಿಕ್ ವಿಷ ಅಂತ ಬೊಬ್ಬೆ ಹೊಡೆಯೋಕೆ ನಾನು ಬಂದಿಲ್ಲ. ಆ ಪದರ 1938ರಲ್ಲಿ ಅಮೆರಿಕದ ಲ್ಯಾಬೊಂದರಲ್ಲಿ ಆಕಸ್ಮಿಕವಾಗಿ ಸಿಕ್ಕ ಟೆಫ್ಲಾನ್. ಅದರ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಅನ್ನೋ ರಾಸಾಯನಿಕವನ್ನ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಿದರು. ಆದರೆ ಸುಮಾರು 260 ಡಿಗ್ರಿ ದಾಟಿದರೆ ಪದರ ಹಾಳಾಗತೊಡಗುತ್ತೆ, ಇದು ಇವತ್ತಿಗೂ ನಿಜ. ಖಾಲಿ ತವಾ ದೊಡ್ಡ ಉರಿ ಮೇಲೆ ಮರೆತರೆ ಆ ಶಾಖ ಬರೋಕೆ ಬಹಳ ಹೊತ್ತು ಬೇಡ. ನನ್ನ ತಕರಾರು ಇಷ್ಟೇ: ಅದು ಸವೆಯೋಕೇ ಹುಟ್ಟಿದ ಪಾತ್ರೆ. ಕಾವಲಿ ಹಾಗಲ್ಲ, ಬಳಸಿದಷ್ಟೂ ಪಳಗುತ್ತೆ.

ಹೇಗೆ ಅಂತೀರಾ? ತೆಳ್ಳಗೆ ಸವರಿದ ಎಣ್ಣೆ ಕಾದ ಕಬ್ಬಿಣದ ಮೇಲೆ ಗಟ್ಟಿಯಾದ ಪದರವಾಗಿ ಕೂರುತ್ತೆ. ಪಾಲಿಮರ್ ಅಂತ ನಾವು ಕಾಲೇಜಲ್ಲಿ ಓದಿದ್ದು ಅದನ್ನೇ. ಸವೆದರೆ ನಾಳೆಯ ದೋಸೆಯ ಎಣ್ಣೆ ಅದನ್ನ ಸರಿ ಮಾಡುತ್ತೆ. ಟೆಫ್ಲಾನನ್ನ ನಿಮ್ಮಮ್ಮ ಮನೇಲಿ ರಿಪೇರಿ ಮಾಡೋಕಾಗತ್ತಾ?

ಇನ್ನು "ಮೇಂಟೆನೆನ್ಸ್". ಸೊರಬದ ಅಜ್ಜಿ ಮಾಡೋದು ಇಷ್ಟು: ಅರ್ಧ ಈರುಳ್ಳಿ ಅಥವಾ ಬದನೆಕಾಯಿ ತೊಟ್ಟಿನಿಂದ ಎಣ್ಣೆ ಸವರೋದು. ಆಮೇಲೆ ತೊಳೆದು, ಒಲೆ ಮೇಲೆ ನೀರಾರಿಸಿ, ಒಂದು ತೊಟ್ಟು ಎಣ್ಣೆ ಒರೆಸಿಡೋದು. ಮಲೆನಾಡಿನ ಮಳೆಗಾಲದಲ್ಲೂ ಅವಳ ಕಾವಲಿಗೆ ತುಕ್ಕಿಲ್ಲ. ಕಾದ ಕಾವಲಿಗೆ ತಣ್ಣೀರು ಸುರೀಬಾರದು, ಎರಕದ ಕಬ್ಬಿಣ ಸೀಳುತ್ತೆ. ಹುಣಸೆಹುಳಿ ಹಾಕಿದ್ದನ್ನ ಕಬ್ಬಿಣದ ಬಾಣಲೆಯಲ್ಲಿ ಇಡಬಾರದು. ದೋಸೆ ಕಾವಲಿಯಲ್ಲಿ ರೊಟ್ಟಿ ಸುಡಬಾರದು, ಒಣ ಶಾಖಕ್ಕೆ ಎಣ್ಣೆಯ ಪದರ ಉರಿದುಹೋಗುತ್ತೆ. ರೊಟ್ಟಿಗೆ ಬೇರೆ ಹಂಚು. ಮುಗೀತು!

ಇದನ್ನ ಮಡಿ ಮಾಡಿಕೊಂಡವರದ್ದು ಇನ್ನೊಂದು ಕಾಟ. ಸೋಪು ತಾಗಿದರೆ ಕಾವಲಿ ಸತ್ತೇಹೋಯ್ತು ಅಂತಾರೆ. ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಬಿದ್ದರೆ ಪಳಗಿದ ಪದರ ಎಲ್ಲೂ ಹೋಗಲ್ಲ. ರಾತ್ರಿಯಿಡೀ ಸಿಂಕಲ್ಲಿ ನೆನೆಸಿಟ್ಟರೆ ಹೋಗುತ್ತೆ. ಕಬ್ಬಿಣದ ಕಾವಲಿಯಿಂದ ರಕ್ತಹೀನತೆಯೇ ಮಾಯ ಅನ್ನೋ ಫಾರ್ವರ್ಡೂ ನಂಬಬೇಡಿ. ಅದು ಪಾತ್ರೆ, ಮಾತ್ರೆ ಅಲ್ಲ.

"ಅಜ್ಜಿ, ಇದು ಕಾಯೋಕೆ ಎಷ್ಟೊತ್ತು!" ಅಂದೆ ಹೋದ ಸಲ. "ತಮಾ, ಕಾವಲಿ ಕಾಯೋ ತನಕ ನೀನೂ ಕಾಯ್ಬೇಕು" ಅಂದಳು. ನಮಗೆ ಕಷ್ಟ ಆಗ್ತಿರೋದು ಆ ಐದು ನಿಮಿಷ ಅಷ್ಟೇ. ಅದಕ್ಕೆ ಮೇಂಟೆನೆನ್ಸ್ ಅಂತ ದೊಡ್ಡ ಹೆಸರು ಬೇರೆ!

ಈಗ ಅದೇ ಕಾವಲಿ ಚಂದದ ಡಬ್ಬದಲ್ಲಿ, "ಪ್ರೀ-ಸೀಸನ್ಡ್" ಅನ್ನೋ ಹೆಸರಲ್ಲಿ, ಸಾವಿರದ ಮೇಲೆ ಬೆಲೆಗೆ ಬಂದಿದೆ. ನಾನೂ ಒಂದು ತರಿಸಿ ಅಮ್ಮನಿಗೆ ಕೊಟ್ಟೆ. ಮೊದಲ ನಾಲ್ಕು ದೋಸೆ ಚಿಂದಿ ಚಿಂದಿ. ಅಮ್ಮ ಬೈಯಲಿಲ್ಲ. "ಇದು ಪಳಗೋಕೆ ಟೈಮ್ ಬೇಕು ಕಣೋ. ಅದು ಮೂವತ್ತು ವರ್ಷದ್ದು" ಅಂದಳು, ಅಷ್ಟೇ.

ನಿಮ್ಮನೆ ಅಟ್ಟದ ಮೇಲೆ ಒಂದು ಇದ್ದರೆ, ಗುಜರಿಯವನು ಬರೋ ಮೊದಲು ಕೆಳಗಿಳಿಸಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ. ತಿಕ್ಕಿ, ಎಣ್ಣೆ ಸವರಿ, ಒಲೆ ಮೇಲಿಡಿ. ಆಮೇಲೆ ಕಾಯಿರಿ.